ಸೈಕಲ್ ಬಗ್ಗೆ ನಾಯಿಯ ಇಂಗ್ಲಿಷ್

ಚಳಿಗಾಲಕ್ಕೆ ಕೆರೆಗೆ ಬರುವ ಪರದೇಶದ ಹಕ್ಕಿಗಳಿಗೆ ಊರು ತೋರಿಸುವ ಕೆಲಸ ಖಾಲಿಯಿತ್ತು. ಅದಕ್ಕಾಗಿ ಆ ಹಕ್ಕಿಗಳ ಪರವಾಗಿ ಹೆಬ್ಬಾತು ಇಂಗ್ಲಿಷ್ ಮಾತಿನ ಪರೀಕ್ಷೆ ಇಟ್ಟಿತು. ಕೇಳಿದ್ದು ಸೈಕಲ್ ಬಗ್ಗೆ.

ಗಿಳಿ ತಿಂಗಳಿಂದ ಉರು ಹೊಡೆದ ಪ್ರಬಂಧಗಳಲ್ಲಿ ಸೈಕಲಿನದನ್ನು ಒಂದೇ ಉಸಿರಿಗೆ ಒಪ್ಪಿಸಿತು. "ಸೈಕಲ್ ಪರಿಸರಸ್ನೇಹಿ ವಾಹನ. ಆರೋಗ್ಯಕ್ಕೆ ಹಿತಕರ."

"ನೀವು ಹತ್ತಿರದಿಂದ ನೋಡಿದ ಸೈಕಲ್ ಯಾವುದು?" ಎಂದಿತು ಹೆಬ್ಬಾತು.

ಗಿಳಿ ಮೊದಲಿನಿಂದ ಶುರುಮಾಡಿತು. "ಸೈಕಲ್ ಪರಿಸರಸ್ನೇಹಿ ವಾಹನ..."

ಆಮೇಲೆ ಬೀದಿನಾಯಿಯ ಸರದಿ. ಅದರ ಇಂಗ್ಲಿಷ್ ಕುಂಟುತ್ತಿತ್ತು.

"ನಾನು ದಿನಾ ಪೋಸ್ಟ್‌ಮ್ಯಾನ್ ಈರಯ್ಯನವರ ಸೈಕಲ್ ಅಟ್ಟಿಸಿಕೊಂಡು ಹೋಗುತ್ತೇನೆ. ಅವರು ಎರಡೂ ಕಾಲು ಹ್ಯಾಂಡಲ್ ಮೇಲೆ ಎತ್ತಿಡುತ್ತಾರೆ. ಮೊನ್ನೆ ಚೈನ್ ಕಳಚಿ ಸೈಕಲ್ ನಿಂತೇಬಿಟ್ಟಿತು. ಹಿಡಿದ ಮೇಲೆ ಏನು ಮಾಡುವುದೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತೆ."

ಗಿಳಿಗೆ ಹೊಟ್ಟೆಕಿಚ್ಚು ಬರಬೇಕಿತ್ತು. ಬರಲಿಲ್ಲ. ಹೆಬ್ಬಾತು ಕೊಕ್ಕು ತೆರೆಯುವ ಮೊದಲೇ ಗಿಳಿ ಇಂಗ್ಲಿಷಿನಲ್ಲಿ ಕೇಳಿಬಿಟ್ಟಿತು, "ಆಮೇಲೆ ಏನಾಯಿತು?"

ಆ ಮಾತನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಕೆಲಸ ನಾಯಿಗೆ ಸಿಕ್ಕಿತು. ಹೆಬ್ಬಾತು ಗಿಳಿಯ ಕಡೆ ತಿರುಗಿ ಹೇಳಿತು, "ಈಗೊಂದು ಮಾತಾಡಿದಿರಲ್ಲ, ಮುಂದಿನ ಚಳಿಗಾಲದ ಪರೀಕ್ಷೆಗೆ ಅಲ್ಲಿಂದಲೇ ಶುರುಮಾಡಿ."