ಎರಡು ಬಸವನ ಕಾಸು

ಹೊಳೆ ದಡದಲ್ಲಿ ಬಾಚಯ್ಯನೆಂಬ ಗುರುಗಳಿದ್ದರು. ಕಾಸು ಖರೆಯೋ ಖೊಟ್ಟಿಯೋ ನೋಡಿ ಹೇಳುವ ಚಿನಿವಾರರು.

ಖರೆ ಕಾಸಿಗೆ ಗುರುಗಳು ಮುದ್ರೆ ಒತ್ತುತ್ತಿದ್ದರು. ಖೊಟ್ಟಿ ಕಾಸಿಗೆ ಉಳಿಯಿಂದ ಕಚ್ಚು ಹಾಕುವ ಕೆಲಸ ಶಿಷ್ಯ ಕೇತಣ್ಣನದು. ಅದೂ ಗುರುಗಳು ಹೇಳಿದ ಮೇಲೆ ಮಾತ್ರ.

ಒಂದು ಬೆಳಿಗ್ಗೆ ಗುರುಗಳು ಸ್ನಾನಕ್ಕೆ ಹೋಗಿದ್ದಾಗ ಆಚೆ ದಡದ ಸಂಕವ್ವ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ತಾಮ್ರದ ಕಾಸನ್ನು ಜಗಲಿಯ ಮೇಲಿಟ್ಟಳು.

ಒಂದು ಬದಿಗೆ ಉಬ್ಬಿದ ಬಸವ. ಅಕ್ಷರ ಇರಬೇಕಾದ ಇನ್ನೊಂದು ಬದಿಗೂ ಅದೇ ಬಸವ, ಆದರೆ ಒಳಕ್ಕೆ ಇಳಿದದ್ದು, ಎದುರು ದಿಕ್ಕಿಗೆ ಮುಖ ಮಾಡಿದ್ದು.

"ನಮ್ಮ ಯಜಮಾನರು ಹಂಪಣ್ಣ ಟಂಕಸಾಲೆಯಲ್ಲಿ ಸುತ್ತಿಗೆ ಹಿಡಿದಿದ್ದವರು, ಅಪ್ಪಾ. ಇದು ಅವರ ಕೈ ತಪ್ಪಿ ಆದ ಕಾಸು. ಮೇಲಿನವರೇ ನಕ್ಕು, ಇಟ್ಟುಕೋ ಅಂತ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಊರವರು, ಹಂಪಣ್ಣ ಮನೆಯಲ್ಲಿ ಕಾಸು ತಿದ್ದುತ್ತಿದ್ದ ಕಳ್ಳ ಅಂತಿದ್ದಾರೆ. ಮಗಳನ್ನು ನೋಡೋಕೆ ಬಂದವರು ಹೊಸಿಲಿಂದಲೇ ತಿರುಗಿ ಹೋದರು. ಗುರುಗಳ ಮುದ್ರೆ ಬಿದ್ದರೆ ಆ ಬಾಯಿಗಳು ಮುಚ್ಚುತ್ತವೆ."

ಇಂಥ ಕಾಸನ್ನು ಕೇತಣ್ಣ ಜನ್ಮದಲ್ಲಿ ಕಂಡಿರಲಿಲ್ಲ. "ನನಗೆ ಗೊತ್ತಿಲ್ಲವ್ವಾ, ಗುರುಗಳು ಬರಲಿ" ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆದರೆ ಎಂಟು ವರ್ಷ ಕಲಿತವನಿಗೆ ಆ ಮಾತು ಬಾಯಿಗೆ ಬರುವುದು ಕಷ್ಟ.

"ಇದು ತಿದ್ದಿದ್ದು" ಅಂದ. ಉಳಿ ಇಟ್ಟು ಒಂದೇ ಏಟಿಗೆ ಕಚ್ಚು ಹಾಕಿಬಿಟ್ಟ.

ಸಂಕವ್ವ ಕೂಗಾಡಲಿಲ್ಲ.

"ಹಾಗಾದರೆ ನಮ್ಮವರು ಕಳ್ಳರೇನಪ್ಪಾ?" ಅಂದಳು. ಕಾಸನ್ನು ಅಲ್ಲೇ ಬಿಟ್ಟು, ಹೋಗಿ ಹರಿಗೋಲು ಕಾಯುತ್ತ ದಡದಲ್ಲಿ ಕೂತಳು.

ಗುರುಗಳು ಬಂದರು. ಸಂಕವ್ವ ಹೇಳಿದ್ದು, ತಾನು ಮಾಡಿದ್ದು ಎಲ್ಲವನ್ನೂ ಕೇತಣ್ಣ ಹೇಳಿದ. ಕಾಸನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನು ಹೇಗೆ ತಿದ್ದಿದರು ಅಂತೀಯ?"

"ಒಂದು ಒಳ್ಳೆ ಕಾಸಿನ ಮೇಲೆ ಇನ್ನೊಂದು ಇಟ್ಟು ಬಡಿದಿದ್ದಾರೆ, ಗುರುಗಳೇ."

"ಹಾಗಾದರೆ ನೀನೂ ಬಡಿ. ನೋಡೋಣ."

ಕೇತಣ್ಣ ಎರಡು ಕಾಸು ತಂದ. ಅಡಿಗಲ್ಲಿನ ಮೇಲೆ, ಕೆಳಗಿನದರ ಅಕ್ಷರಕ್ಕೆ ಮೇಲಿನದರ ಬಸವ ತಾಗುವಂತೆ, ಒಂದರ ಮೇಲೊಂದು ಇಟ್ಟು ಬಡಿದ. ಕೆಳಗಿನ ಕಾಸಿನ ಮೇಲೆ ಬಸವ ಒಳಕ್ಕೆ ಮೂಡಿತ್ತು.

"ನೋಡಿದಿರಾ!"

"ನೋಡಿದೆ. ಈಗ ಅದನ್ನು ತಿರುಗಿಸು."

ಅಡಿಗಲ್ಲಿಗೆ ತಾಗಿದ್ದ ಬದಿಯ ಬಸವ ಹಪ್ಪಳವಾಗಿತ್ತು.

"ಮತ್ತೆ ಈಚೆಗೆ ತಿರುಗಿಸು. ಅಂಚಿನಲ್ಲಿ ಏನಿದೆ?"

"ಹಳೇ ಅಕ್ಷರದ ಚೂರುಪಾರು."

"ಈಗ ಆ ತಾಯಿಯ ಕಾಸು ನೋಡು."

ಸಂಕವ್ವನ ಕಾಸಿನಲ್ಲಿ ಉಬ್ಬಿದ ಬಸವನ ಕೊರಳ ಗಂಟೆ ಕೂಡ ಎಣಿಸುವ ಹಾಗಿತ್ತು. ಇಳಿದ ಬಸವನ ಸುತ್ತ ಅಕ್ಷರದ ಗೆರೆ ಒಂದೂ ಇರಲಿಲ್ಲ.

"ಹಿಂದಿನ ಕಾಸು ಮೇಲಿನ ಅಕ್ಷರದ ಅಚ್ಚಿಗೇ ಅಂಟಿಕೊಂಡಿತ್ತು" ಅಂದರು ಗುರುಗಳು. "ಹಂಪಣ್ಣ ಗಮನಿಸದೆ ಮುಂದಿನ ಬಿಲ್ಲೆ ಇಟ್ಟು ಹೊಡೆದ. ಅದಕ್ಕೆ ಅಕ್ಷರ ತಾಕಲೇ ಇಲ್ಲ. ಹುಟ್ಟುವಾಗಲೇ ಆದ ತಪ್ಪು ಇದು. ಆಮೇಲೆ ಯಾರೂ ಕೈ ಹಾಕಿಲ್ಲ, ನೀನು ಹಾಕುವವರೆಗೆ."

ಅಯ್ಯೋ, ಸತ್ತವನಿಗೆ ಕಳ್ಳನ ಪಟ್ಟ ಕಟ್ಟಿಬಿಟ್ಟೆನಲ್ಲ ಅಂದುಕೊಂಡ ಕೇತಣ್ಣ. ಅವಸರದಲ್ಲಿ ಚಿಕ್ಕ ಸುತ್ತಿಗೆ ಎತ್ತಿಕೊಂಡ.

"ಕಚ್ಚನ್ನು ಬಡಿದು ಕೂಡಿಸ್ತೀನಿ, ಗುರುಗಳೇ. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಯಾರಿಗೂ ಗೊತ್ತಾಗಲ್ಲ."

"ಕೂಡಿಸು. ಆಮೇಲೆ ಅದು ಎಂಥ ಕಾಸು?"

ಸುತ್ತಿಗೆ ಮೇಲೆಯೇ ನಿಂತಿತು.

"ತಿದ್ದಿದ ಕಾಸು" ಅಂದ ಕೇತಣ್ಣ, ಸಣ್ಣ ದನಿಯಲ್ಲಿ.

ಗುರುಗಳು ಮುದ್ರೆಯನ್ನು ಅವನ ಮುಂದಕ್ಕೆ ಸರಿಸಿದರು.

"ಕಚ್ಚಿನ ಪಕ್ಕದಲ್ಲೇ ಒತ್ತು."

"ನಾನಾ? ತಪ್ಪು ಮಾಡಿದ ದಿನವೇ?"

"ಕಚ್ಚು ಯಾರದು?"

"ನನ್ನದು."

"ಮತ್ತೆ ಒತ್ತುವವರು ಬೇರೆ ಯಾರು?"

ಮುದ್ರೆ ಒತ್ತಿದವನೇ ಕೇತಣ್ಣ ದಡಕ್ಕೆ ಓಡಿದ. ಹರಿಗೋಲು ಬಂದಿತ್ತು. ಸಂಕವ್ವನ ಊರವರೇ ಏಳೆಂಟು ಜನ ಅದರಲ್ಲಿ ಕೂತಿದ್ದರು. ಅವಳಿಗೆ ಜಾಗ ಕೊಡುವ ಮನಸ್ಸು ಯಾರಿಗೂ ಇದ್ದಂತಿರಲಿಲ್ಲ.

"ಅವ್ವಾ, ನಿಲ್ಲಿ!" ಎಲ್ಲರಿಗೂ ಕೇಳುವಂತೆ ಕೂಗಿದ. "ಹಂಪಣ್ಣನವರ ಕಾಸು ಖರೆ. ಅವರು ತಿದ್ದಿಲ್ಲ. ನೋಡಿ, ಮುದ್ರೆ. ಈ ಕಚ್ಚು ಮಾತ್ರ ನನ್ನ ಆತುರದ್ದು. ಯಾರಾದರೂ ಕೇಳಿದರೆ, ಬಾಚಯ್ಯನವರ ಶಿಷ್ಯ ಕೇತಣ್ಣ ತಪ್ಪಿದ ಅಂತ ಹೆಸರು ಹಿಡಿದೇ ಹೇಳಿ."

"ಎಂಟು ವರ್ಷ ಕಲಿತದ್ದು ಇದೇನಾ!" ಅಂತ ಒಬ್ಬ ಗಹಗಹಿಸಿ ನಕ್ಕ. ಕೇತಣ್ಣ ತಲೆ ತಗ್ಗಿಸಿ ನಿಂತ. ಆದರೆ ಜಾಗ ಬಿಟ್ಟು ಕದಲಲಿಲ್ಲ.

ಸಂಕವ್ವ ಕಾಸನ್ನು ಕಣ್ಣಿಗೊತ್ತಿಕೊಂಡಳು. ಈಗ ಅತ್ತಳು.

"ನಮ್ಮವರೂ ಹೀಗೇ ಅಪ್ಪಾ. ಕೈ ತಪ್ಪಿದ ದಿನ ಮನೆಗೆ ಬಂದು ಕಾಲು ತೊಳೆಯೋ ಮೊದಲು ಅದನ್ನೇ ಹೇಳಿದ್ದರು."

ಹರಿಗೋಲಿನಲ್ಲಿದ್ದ ಒಬ್ಬ ಮುದುಕ ಪಕ್ಕಕ್ಕೆ ಸರಿದು, "ಬಾ ತಾಯಿ, ಇಲ್ಲಿ ಕೂತ್ಕೋ" ಅಂದ.

ಮರುದಿನ ಬೆಳಿಗ್ಗೆ ಕೇತಣ್ಣ ಒಳಮನೆಯ ಮೂಲೆ ಬಿಟ್ಟು ಏಳಲಿಲ್ಲ.

"ಗುರುಗಳೇ, ನಿನ್ನೆಯ ಮಾತು ಇಷ್ಟೊತ್ತಿಗೆ ಏಳೂರು ಸುತ್ತಿರುತ್ತೆ. ಇನ್ನು ನನ್ನ ಮುಂದೆ ಯಾರು ಕಾಸು ಇಡ್ತಾರೆ?"

"ಜಗಲಿ ಮೇಲೆ ಆಗಲೇ ಮೂವರು ಕೂತಿದ್ದಾರೆ. ತನ್ನಿ, ನಾನು ನೋಡ್ತೀನಿ ಅಂದೆ. ಬೇಡವಂತೆ. ತಪ್ಪಿದರೆ ಓಡಿ ಬಂದು ಹೇಳ್ತಾನಲ್ಲ, ಅವನೇ ಬೇಕಂತೆ. ಏಳು, ಮುಖ ತೊಳ್ಕೋ."