ಶಿಫಾರಸು ಮಾಡುವ ಹಳೆಯ ಸದಸ್ಯ

ಹಿತ್ತಲಲ್ಲಿ ತರಕಾರಿ ಬೆಳೆಯುವವರಿಗಾಗಿ ಗದಗಿನಲ್ಲಿ ಒಂದು ಆನ್‌ಲೈನ್ ಬಳಗ ಶುರುವಾಯಿತು. ಅಧ್ಯಕ್ಷರು ನಿವೃತ್ತ ಅಧಿಕಾರಿ ಶಿವಯೋಗಪ್ಪ. ಸೇರುವವರು ತುಂಬಬೇಕಾದ ಇಪ್ಪತ್ತಾರು ಪ್ರಶ್ನೆಗಳ ಅರ್ಜಿಯನ್ನು ಅವರೇ ಬರೆದಿದ್ದರು. ತಿಂಗಳಾದರೂ ಒಬ್ಬರೂ ಸೇರಲಿಲ್ಲ.

"ಶನಿವಾರದೊಳಗ ಐವತ್ತು ಮಂದಿ ಸೇರದಿದ್ದರ ನಿನ್ನ ಕೆಲಸ ಹೋತು ಅಂತ ತಿಳಕೋ!" ಎಂದು ಗುಮಾಸ್ತೆ ನೀಲವ್ವನ ಮೇಲೆ ಗುಡುಗಿದರು.

ಅರ್ಜಿ ಉದ್ದವಾಯಿತೆಂದು ನೀಲವ್ವ ಹಿಂದೆ ಎರಡು ಸಲ ಹೇಳಿ ಬೈಸಿಕೊಂಡಿದ್ದಳು. ಈ ಸಲ ಬೇರೆ ಮಾತು ತೆಗೆದಳು. "ಸಾಹೇಬ್ರ, ಬಳಗದಾಗ ಇನ್ನೂ ನಿಮ್ಮ ಹೆಸರ ಇಲ್ಲ. ಮಂದಿ ಏನಂದಾರು?"

ಹೌದಲ್ಲ ಎಂದು ಶಿವಯೋಗಪ್ಪ ಕಂಪ್ಯೂಟರಿನ ಮುಂದೆ ಕೂತರು. ಹಿತ್ತಲು ಯಾವ ದಿಕ್ಕಿಗಿದೆ ಎಂಬ ಪ್ರಶ್ನೆ ಬಂತು. ಎದ್ದು ಹೋಗಿ ಕಿಟಕಿಯಲ್ಲಿ ಸೂರ್ಯನನ್ನು ಹುಡುಕಿ ಬಂದರು. ಅಷ್ಟರಲ್ಲಿ ಸಮಯ ಮೀರಿ ಬರೆದದ್ದೆಲ್ಲ ಅಳಿಸಿಹೋಗಿತ್ತು. ಬೆವರುತ್ತಾ ಮತ್ತೆ ಬರೆದರು. ಕೊನೆಯ ಪ್ರಶ್ನೆ, ಶಿಫಾರಸು ಮಾಡುವ ಹಳೆಯ ಸದಸ್ಯರ ಹೆಸರು.

"ಹಳೇ ಸದಸ್ಯರು ಯಾರದಾರ?"

"ಯಾರೂ ಇಲ್ರಿ."

"ಮತ್ತ ಮೊದಲನೇದವ ಹೆಂಗ ಸೇರಬೇಕು?"

"ಎರಡನೇದವ ಶಿಫಾರಸು ಮಾಡಬೇಕ್ರಿ."

"ಎರಡನೇದವ?"

"ಅವಗ ಮೊದಲನೇದವ ಮಾಡಬೇಕ್ರಿ."

ಶಿವಯೋಗಪ್ಪ ಬೆರಳು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಕೊನೆಗೆ ಕನ್ನಡಕ ತೆಗೆದಿಟ್ಟು, "ಹೆಸರು, ಫೋನ್ ನಂಬರ್ ಸಾಕು. ಉಳಿದದ್ದೆಲ್ಲ ತಗದ ಬಿಡು" ಎಂದರು.

ಶನಿವಾರಕ್ಕೆ ಅರವತ್ತೆರಡು ಮಂದಿ ಸೇರಿದರು. ಸಭೆಯಲ್ಲಿ ಶಿವಯೋಗಪ್ಪ ಎದೆಯುಬ್ಬಿಸಿ, "ಅರ್ಜಿ ಸಣ್ಣದಿರಬೇಕು ಅಂತ ನಾನ ಹೇಳಿದೆ" ಎಂದರು.

"ಹೌದ್ರಿ," ಎಂದಳು ನೀಲವ್ವ. "ಆ ಅರ್ಜಿ ಕೊನೀ ಪ್ರಶ್ನೆತನಕ ತುಂಬಿ ನೋಡಿದವರು ಊರಾಗ ನೀವೊಬ್ಬರ."