ನೀಲಗಂಗಮ್ಮನವರು ಜಡೆ ಬಿಡಿಸಿದ್ದು

ಮಲ್ಲಿಹಾಳದ ಕೆರೆಯ ಏರಿ ಇಳಿದರೆ ಒಂದು ಬೇವಿನ ಮರ, ಮರದ ಕೆಳಗೆ ಒಂದು ಗುಡಿಸಲು. ಪೂಜ್ಯ ನೀಲಗಂಗಮ್ಮನವರು ತಮ್ಮ ಕಡೆಗಾಲವನ್ನೆಲ್ಲ ಕಳೆದದ್ದು ಅಲ್ಲಿಯೇ. ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಎಷ್ಟು ದುಂಬಾಲು ಬಿದ್ದರೂ ಅಮ್ಮನವರು ಒಪ್ಪಲಿಲ್ಲ. ಬೆಳಿಗ್ಗೆ ಪೂಜೆ ಮುಗಿಯಿತೆಂದರೆ ಔಡಲೆಣ್ಣೆಯ ಬಟ್ಟಲು, ತಲೆ ಬಾಚುವ ಕಟ್ಟಿಗೆಯ ಹಣಿಗೆ ಹಿಡಿದುಕೊಂಡು ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂಡುವರು. ಕೂಲಿಗೆ ಹೋಗುವ ಹೆಂಗಸರು ತಮ್ಮ ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಅಮ್ಮನವರು ಒಂದೊಂದೇ ತಲೆಯನ್ನು ಮಡಿಲಿಗೆಳೆದುಕೊಂಡು, ಹೇನು ತೆಗೆದು, ಎಣ್ಣೆ ಹಚ್ಚಿ, ಬಾಚಿ ಕಳಿಸುವರು. ದೊಡ್ಡ ದೊಡ್ಡ ಪಂಡಿತರು ಬಂದು ಜೀವವೆಂದರೇನು, ಬ್ರಹ್ಮವೆಂದರೇನು ಎಂದು ಕೇಳಿದರೂ ಅವರ ಕೈ ನಿಲ್ಲುತ್ತಿರಲಿಲ್ಲ. ಉತ್ತರ ಬೇಕಾದವರು ಹೇನು ಕುಕ್ಕುವ ಸದ್ದಿನ ನಡುವೆಯೇ ಕೇಳಿಸಿಕೊಳ್ಳಬೇಕಿತ್ತು. ಕೆಲವರು ಅಸಹ್ಯಪಟ್ಟು ಎದ್ದು ಹೋದದ್ದೂ ಉಂಟು. ಹೋಗಲಿ ಬಿಡಿ, ಅವರ ಹಣೆಬರಹ.

ಆ ಗುಡಿಸಲಿಗೆ ಒಂದು ದಿನ ಹಂಚಿನಾಳದಿಂದ ಎತ್ತಿನ ಗಾಡಿ ಬಂತು. ಗಾಡಿಯಲ್ಲಿ ಹೊಸ ಹಸಿರು ಸೀರೆ ಉಟ್ಟು, ಹಣೆ ತುಂಬ ಅರಿಷಿಣದ ಭಂಡಾರ ಬಳಿಸಿಕೊಂಡ ಹೆಣ್ಣುಮಗಳೊಬ್ಬಳು ಒಬ್ಬಳೇ ಕೂತಿದ್ದಳು. ಆಕೆಯ ಕೂದಲು ಗಂಟುಗಟ್ಟಿ, ಹೊಸೆದ ಹಗ್ಗದಂತೆ ಸೊಂಟದ ತನಕ ಇಳಿಬಿದ್ದಿತ್ತು. ಗಾಡಿಯಲ್ಲಿ ಜಾಗ ಬೇಕಾದಷ್ಟಿತ್ತು. ಆದರೂ ಆಕೆಯ ಗಂಡ ಸಿದರಾಯ, ಊರ ಹಿರಿಯ ಬಸಗೊಂಡಪ್ಪ, ಇಬ್ಬರೂ ಎತ್ತಿನ ಹಗ್ಗ ಹಿಡಿದು ಬರಿಗಾಲಲ್ಲಿ ನಡೆದೇ ಬಂದಿದ್ದರು. ಆಕೆಯ ಸರಿಸಮ ಕೂಡಲು ಅವರಿಗೆ ಧೈರ್ಯವಿರಲಿಲ್ಲ.

ಆಕೆಯ ಹೆಸರು ನಿಂಬೆವ್ವ. ಆ ಹೆಸರು ಹಿಡಿದು ಕರೆಯುವವರು ಹಂಚಿನಾಳದಲ್ಲಿ ಯಾರೂ ಉಳಿದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಜಡಿಮಳೆ ಹಿಡಿದಾಗ ಅವರ ಮಣ್ಣಿನ ಮಾಳಿಗೆ ಮನೆ ನೆನೆದು ನೆನೆದು, ಒಂದು ಸಂಜೆ ಗೋಡೆ ಕುಸಿಯಿತು. ಸಿದರಾಯ ದನದ ಸಂತೆಗೆ ಹೋಗಿದ್ದ. ನಿಂಬೆವ್ವ, ಮಗಳು ಸಾವಂತ್ರಿ ಇಬ್ಬರೂ ಮಣ್ಣಿನಡಿ ಸಿಕ್ಕರು. ಊರವರು ಬೆಳಗಿನ ತನಕ ಅಗೆದರು. ತಾಯಿ ಬದುಕಿದ್ದಳು, ಕೂಸು ಹೋಗಿತ್ತು. ಅದರ ಮುಷ್ಟಿ ತಾಯಿಯ ಎಡಗಿವಿಯ ಹಿಂದಿನ ಕೂದಲನ್ನು ಬಿಗಿಯಾಗಿ ಹಿಡಿದಿತ್ತು. ಹೆಂಗಸರು ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೂಸನ್ನು ಎತ್ತಿಕೊಂಡು ಹೋದರು. ಸಿದರಾಯ ಬರುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು.

ಅಂದಿನಿಂದ ನಿಂಬೆವ್ವ ತಲೆಗೆ ಎಣ್ಣೆ ಹಚ್ಚಲಿಲ್ಲ, ಹಣಿಗೆ ಸೋಕಿಸಲಿಲ್ಲ. ಮಗಳ ಕೈ ಕಡೆಯ ಸಲ ಹಿಡಿದಿದ್ದ ಜಾಗ ಅದು. ಬಾಚಿದರೆ ಅದೂ ಹೋಗಿಬಿಡುತ್ತದೆಂಬ ಭಯ. ಯಾಕವ್ವಾ ಹೀಗೆ ಎಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದಳೇನೋ. ಕೇಳುವವರು ಯಾರು? ಮೊದಲು ಹುಚ್ಚು ಎಂದರು. ಕೂದಲು ಗಂಟುಗಟ್ಟಿ ಜಡೆಯಾದ ಮೇಲೆ ಮಾತು ತಿರುಗಿತು. ಗೋಡೆ ಬಿದ್ದರೂ ಬದುಕಿದವಳು, ಜಡೆ ಬಂದವಳು, ಮಾತು ಬಿಟ್ಟವಳು. ದೇವಿ ಒಲಿದಿರಲೇಬೇಕು!

ಅಲ್ಲಿಗೆ ಮುಗಿಯಿತು. ನಮ್ಮ ಜನ ಕೈ ಮುಗಿಯುವುದರಲ್ಲಿ ಬಲು ಧಾರಾಳಿಗಳು, ಕೈ ಹಿಡಿಯೆಂದರೆ ಮಾತ್ರ ಹಿಂದೆ ಸರಿಯುತ್ತಾರೆ. ಜೊತೆಗೆ ಕೂತು ಜೋಳ ಹಸನು ಮಾಡುತ್ತಿದ್ದ ಗೆಳತಿಯರು ದೂರದಿಂದಲೇ ನೆಲ ಮುಟ್ಟಿ ನಮಸ್ಕರಿಸತೊಡಗಿದರು. ಊಟದ ತಾಟು ಹೊಸ್ತಿಲ ಮೇಲೆ ಬಂದು ಕೂಡುತ್ತಿತ್ತು, ತಂದವರ ಮುಖ ಕಾಣುತ್ತಿರಲಿಲ್ಲ. ಸಿದರಾಯ ದನದ ಮನೆಯಲ್ಲಿ ಮಲಗತೊಡಗಿದ. ಒಂದು ಸಲ ಆಕೆ ತಡೆಯಲಾರದೆ ಅವನ ಕೈ ಹಿಡಿದಳು. ಅವನು ಕಾಲಿಗೆ ಬಿದ್ದು, "ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋ ತಾಯೀ" ಎಂದುಬಿಟ್ಟ. ಕಟ್ಟಿಕೊಂಡ ಗಂಡನ ಬಾಯಲ್ಲಿ ತಾಯೀ ಎನಿಸಿಕೊಂಡ ಮೇಲೆ ನಿಂಬೆವ್ವ ಯಾರತ್ತಲೂ ಕೈ ಚಾಚಲಿಲ್ಲ.

ಈಗ ಊರವರು ಆಕೆಗೊಂದು ಗುಡಿ ಕಟ್ಟಿದ್ದರು. ಬರುವ ಹುಣ್ಣಿಮೆಗೆ ಆಕೆಯನ್ನು ಒಳಗೆ ಕೂಡಿಸುವುದೆಂದೂ, ಆಮೇಲೆ ಆಕೆ ಹೊಸ್ತಿಲು ದಾಟಬಾರದೆಂದೂ ತೀರ್ಮಾನವಾಗಿತ್ತು. ಇನ್ನು ಸಾಯುವ ತನಕ ನಾಲ್ಕು ಗೋಡೆ. ಗೋಡೆ ಎಂದರೇನೆಂದು ತಿಳಿದಿದ್ದ ಆ ಜೀವ ಒಳಗೊಳಗೇ ಬೆದರಿ ಹೋಗಿತ್ತು.

ಬಸಗೊಂಡಪ್ಪ ಅಮ್ಮನವರಿಗೆ ಅಡ್ಡಬಿದ್ದು, "ಅಮ್ಮಾರೇ, ನಮ್ಮೂರ ಪುಣ್ಯ. ದೇವಿ ತಾನಾಗೇ ಬಂದಾಳ. ಗುಡಿ ಸೇರಸ್ಲಿಕ್ಕೆ ತಮ್ಮ ಅಪ್ಪಣಿ ಆಗಬೇಕು" ಎಂದ. ಭಕ್ತ ಮನುಷ್ಯ, ಕಪಟವಿಲ್ಲದವನು.

"ಇಕಿ ಹೆಸರೇನು?" ಎಂದರು ಅಮ್ಮನವರು.

"ಅವ್ವನ ಹೆಸರು ನಾವು ತಗೊಳ್ಳೂದಿಲ್ರೀ."

ಅಮ್ಮನವರು ಎದ್ದು ಗಾಡಿಯ ಹತ್ತಿರ ಹೋದರು. ಅವರು ಕೈ ಮುಗಿಯಲಿಲ್ಲ. ಆ ಭಾರದ ಜಡೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಅದರ ಬುಡ ನೋಡಿ, ಮೆಲ್ಲಗೆ ಕೇಳಿದರು: "ತಲಿ ಭಾಳ ತುರಸ್ತದೇನವ್ವಾ?"

ಮಳೆ ಯಾವಾಗ ಬರುತ್ತದೆ, ಮಗನಿಗೆ ಲಗ್ನ ಯಾವಾಗ ಎಂದೆಲ್ಲ ನಿಂಬೆವ್ವನನ್ನು ಕೇಳಿದವರುಂಟು, ತಲೆ ತುರಿಸುತ್ತದೆಯೇ ಎಂದು ಕೇಳಿದವರಿಲ್ಲ. ಹೌದೆಂದು ತಲೆಯಾಡಿಸುತ್ತಿದ್ದಂತೆಯೇ ಕಣ್ಣಿನಿಂದ ನೀರು ದಳದಳ ಇಳಿಯಿತು.

"ಇಳಿ, ಬಾ. ಎಣ್ಣಿ ಹಚ್ಚತೀನಿ."

ಬಸಗೊಂಡಪ್ಪ ಹೌಹಾರಿದ. "ಅಮ್ಮಾರೇ, ಜಡಿಗೆ ಕೈ ಹಚ್ಚಬಾರದ್ರೀ! ಊರಿಗೆ ಕೇಡು!"

"ಕೇಡಿಗೆ ನನ್ನ ಗುಡಿಸಲದ ದಾರಿ ತೋರಿಸಿ ಕಳಸ್ರಿ. ನಾ ಇಲ್ಲೇ ಇರ್ತೀನಿ" ಎಂದರು ಅಮ್ಮನವರು. ಬಸಗೊಂಡಪ್ಪ ಗೊಣಗುತ್ತ ಗಾಡಿ ತಿರುಗಿಸಿದ. ಸಿದರಾಯನಿಗೆ ಹೋಗಲೂ ಮನಸ್ಸಿಲ್ಲ, ಹತ್ತಿರ ಬರಲೂ ಧೈರ್ಯವಿಲ್ಲ. ಬೇವಿನ ಮರದ ಬುಡದಲ್ಲಿ ಕೈ ಜೋಡಿಸಿಕೊಂಡು ಕೂತ.

ಜಡೆ ಒಂದು ದಿನಕ್ಕೆ ಬಿಡುವಂಥದಾಗಿರಲಿಲ್ಲ. ಅಮ್ಮನವರು ಕತ್ತರಿ ಮುಟ್ಟಲಿಲ್ಲ. ಎಣ್ಣೆಯಲ್ಲಿ ನೆನೆಸಿ, ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸುತ್ತ, ಬಿಗಿದಲ್ಲಿ ದಬ್ಬಣದ ತುದಿಯಿಂದ ಸಡಿಲಿಸುತ್ತ ದಿನಗಟ್ಟಲೆ ಕೂತರು. ಮಕ್ಕಳು ಸುತ್ತ ಆಡಿಕೊಂಡಿರುತ್ತಿದ್ದವು. ಉಪದೇಶವಿಲ್ಲ, ಮಂತ್ರವಿಲ್ಲ. ನಿಂಬೆವ್ವನಿಗೆ ಆ ಬೆರಳುಗಳ ಬಿಸಿಗೇ ನಿದ್ದೆ ಬರುತ್ತಿತ್ತು. ಎಷ್ಟೋ ವರ್ಷಗಳ ನಿದ್ದೆ ಬಾಕಿಯಿತ್ತು ಪಾಪ, ಅಮ್ಮನವರ ತೊಡೆಗೆ ಒರಗಿ ಹಾಗೇ ಮಲಗಿಬಿಡುವಳು. ಅಮ್ಮನವರು ಕಾಲು ಜೋಮು ಹಿಡಿದರೂ ಅಲುಗಾಡುತ್ತಿರಲಿಲ್ಲ.

ಕಡೆಗೆ ಎಡಗಿವಿಯ ಹಿಂದಿನ ಗಂಟೊಂದೇ ಉಳಿಯಿತು. ಅಮ್ಮನವರ ಬೆರಳು ಅಲ್ಲಿಗೆ ಬಂದದ್ದೇ ತಡ, ನಿಂಬೆವ್ವ ಅವರ ಮಣಿಕಟ್ಟು ಹಿಡಿದುಬಿಟ್ಟಳು.

"ಅಲ್ಲಿ ಬ್ಯಾಡ್ರೀ ಅಮ್ಮಾರೇ. ಅಲ್ಲಿ ನನ್ನ ಕೂಸಿನ ಕೈ ಇತ್ತು."

ಆಮೇಲೆ ಎಲ್ಲವನ್ನೂ ಹೇಳಿದಳು. ಮಣ್ಣಿನ ವಾಸನೆ, ಕತ್ತಲೆ, ಸಾವಂತ್ರಿಯ ಉಸಿರು, ಅದು ನಿಂತದ್ದು. ಅಮ್ಮನವರು ಸೆರಗಿನಿಂದ ಆಕೆಯ ಮುಖ ಒರೆಸಿದರು, ತಮ್ಮ ಕಣ್ಣನ್ನೂ ಒರೆಸಿಕೊಂಡರು. ಆಮೇಲೆ ಹೇಳಿದರು:

"ಕೂಸು ಅವತ್ತು ಹಿಡಕೊಂಡಿದ್ದು ನಿನ್ನ, ಮಗಳೇ. ಬರೇ ಕೂದಲ ಅಲ್ಲ."

ನಿಂಬೆವ್ವ ಹಿಡಿದ ಮಣಿಕಟ್ಟನ್ನು ಬಿಟ್ಟಳು. ಆದರೆ ಅಮ್ಮನವರು ಗಂಟಿಗೆ ಕೈ ಹಾಕಲಿಲ್ಲ. ಹಣಿಗೆ ತೆಗೆದುಕೊಂಡು ಮರದತ್ತ ತಿರುಗಿ, "ಸಿದರಾಯಾ, ಬಾ ಇಲ್ಲಿ. ಇಷ್ಟು ನಿನ್ನ ಪಾಲಿಂದು" ಎಂದರು.

ಅವನು ಕೂತಲ್ಲೇ ಮುದುಡಿದ. "ತಾಯಿ ತಲಿ ನಾ ಹ್ಯಾಂಗ ಮುಟ್ಲೀ ಅಮ್ಮಾರೇ? ಕೈ ಬಿದ್ದು ಹೋದಾವು!"

"ನಿನ್ನ ಹಡದಾಕಿ ಎಲ್ಲಿದ್ದಾಳ?"

"ತೀರಿಕೊಂಡು ಭಾಳ ವರ್ಷಾತ್ರೀ."

"ಹಂಗಾರ ಇಕಿ ಯಾರು?"

ಸಿದರಾಯ ಎದ್ದು ಬಂದ. ಅಮ್ಮನವರು ಅವನನ್ನು ತಮ್ಮ ಕಲ್ಲಿನ ಮೇಲೆ ಕೂಡಿಸಿ, ಕೈಗೆ ಹಣಿಗೆ ಕೊಟ್ಟು, ಖಾಲಿ ಕೊಡ ಎತ್ತಿಕೊಂಡು ಏರಿಯತ್ತ ನಡೆದುಬಿಟ್ಟರು.

ಅವನು ಬಾಚುವುದೇನು ಬಲ್ಲ? ಎತ್ತಿನ ಮೈ ತಿಕ್ಕಿದ ಕೈ. ಕಣ್ಣು ಮುಚ್ಚಿ ದೇವರನ್ನು ನೆನೆದು ಜಗ್ಗಿಯೇಬಿಟ್ಟ.

"ಅಯ್ಯಯ್ಯೋ! ಮೆಲ್ಲಕ ಎಳೀರೀ, ನೋಯ್ತದ!"

ಸಿದರಾಯನ ಕೈ ನಿಂತಿತು. "ನಿನಗ... ನೋಯ್ತದ?"

"ನೋಯಲಾರದೇನ್ರೀ? ನಾ ಏನು ಕಲ್ಲೇನು?"

ಅವನು ಬಾಯಿ ಬಿಟ್ಟುಕೊಂಡು ಆ ಬೆನ್ನನ್ನೇ ನೋಡಿದ. ಆಮೇಲೆ ಹಣಿಗೆ ಕೆಳಗಿಟ್ಟು ಬೆರಳಿಗೆ ಎಣ್ಣೆ ಅದ್ದಿಕೊಂಡ. ಹೆದರಿ ಹೆದರಿ, ಒಂದೊಂದೇ ಎಳೆ. ನಿಂಬೆವ್ವನಿಗೆ ಹಿಂದಿನಿಂದ ಅವನ ಉಸಿರು ಕೇಳುತ್ತಿತ್ತು. ಅದು ಮಾತಿನ ತುದಿಗೆ ಬಂದು ಮತ್ತೆ ಹಿಂದಕ್ಕೆ ಸರಿಯುತ್ತಿತ್ತು. ಗಂಡಸು ಏನೋ ಕೇಳಬೇಕೆಂದು ಒದ್ದಾಡುತ್ತಿದ್ದಾನೆಂದು ಆಕೆಗೆ ಗೊತ್ತಾಯಿತು. ಗಂಟು ಅರ್ಧ ಬಿಟ್ಟ ಮೇಲೆ ಅವನು ಕೇಳಿದ.

"ಅವತ್ತು... ಕೂಸು ನನ್ನ ಕೇಳಿತ್ತೇನು?"

ಅದೊಂದನ್ನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಅವನು ದನಗಳ ನಡುವೆ ಮಲಗಿದ್ದ. ದೇವಿಯನ್ನು ಕೇಳುವ ಮಾತೇ ಅದು? ಹೆಂಡತಿಯನ್ನು ಕೇಳಬೇಕಾದ ಮಾತು, ಹೆಂಡತಿ ಇರಲಿಲ್ಲ.

"ಕೇಳಿತ್ರೀ" ಎಂದಳು ನಿಂಬೆವ್ವ. "ಅಪ್ಪ ಸಂತಿಯಿಂದ ಬರಲಿಕ್ಕತ್ತಾನ, ಬಂದು ಗ್ವಾಡಿ ಎತ್ತತಾನ ಅಂದೆ. ಹೂಂ ಅಂತು. ಅಂಜಲಿಲ್ಲ. ಆಮ್ಯಾಲ ಮಲಗಿತು."

ಸಿದರಾಯ ಆಕೆಯ ಬೆನ್ನಿಗೆ ಹಣೆ ಹಚ್ಚಿ, ದೊಡ್ಡ ದನಿ ತೆಗೆದು ಅತ್ತ. ನಿಂಬೆವ್ವ ಹಿಂದಕ್ಕೆ ತಿರುಗಿ, ಎಣ್ಣೆಗೈಯ ಆ ಮನುಷ್ಯನನ್ನು ತೋಳೊಳಗೆ ಎಳೆದುಕೊಂಡು ತಾನೂ ಅತ್ತಳು. ಒಬ್ಬರ ಅಳು ಇನ್ನೊಬ್ಬರಿಗೆ ಕೇಳಿಸಿದ್ದು ಅದೇ ಮೊದಲು.

ಅದೇ ಹೊತ್ತಿಗೆ ಯಾವುದೋ ಊರಿನ ಭಕ್ತರು ಹಣ್ಣು-ಕಾಯಿ ಹಿಡಿದು ದರ್ಶನಕ್ಕೆ ಬಂದಿದ್ದರು. ಅಮ್ಮನವರು ಏರಿಯ ಮೇಲೆ ಕೊಡ ಇಳಿಸಿ, ಅವರಿಗೆ ಅಡ್ಡ ಕೂತಿದ್ದರು. ಅಮ್ಮನವರ ಮಾತು ಗಾಳಿಯಲ್ಲಿ ತೇಲಿಬಂದು ನಿಂಬೆವ್ವನ ಕಿವಿಗೂ ಬಿತ್ತು.

"ಸ್ವಲ್ಪ ಇಲ್ಲೇ ಕೂಡ್ರಿ. ಅಲ್ಲಿ ಪೂಜಿ ನಡೆದದ."